ಎಂಡೋಸ್ಕೋಪಿ ನಾರ್ಮಲ್ ಬಂದಿದೆ, ಮತ್ತೆ ರಕ್ತ ಪರೀಕ್ಷೆ ಏಕೆ?

ಪ್ರಶ್ನೆ: ನನಗೆ 27 ವರ್ಷ. ಕಳೆದ ವರ್ಷ ನಮ್ಮಣ್ಣ ಜಠರದ ಕ್ಯಾನ್ಸರಿನಿಂದ ತೀರಿಕೊಂಡ. ಅವನಿಗೆ 34 ಆಗಿತ್ತು. ಅಪ್ಪನ ತಂಗಿಗೆ 48ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿ ಆಪರೇಷನ್ ಮಾಡಿದ್ದಾರೆ, ಈಗ ಚೆನ್ನಾಗಿದ್ದಾರೆ. ಅಜ್ಜ ನಲವತ್ತೈದರ ಆಸುಪಾಸಿನಲ್ಲಿ ‘ಹೊಟ್ಟೆಯಲ್ಲಿ ಗಡ್ಡೆ’ಯಾಗಿ ಹೋದರಂತೆ. ಹೆದರಿಕೆಯಿಂದ ನಾನೂ ಎಂಡೋಸ್ಕೋಪಿ ಮಾಡಿಸಿದೆ, ನಾರ್ಮಲ್ ಎಂದು ರಿಪೋರ್ಟ್ ಬಂತು. ಆದರೂ ಡಾಕ್ಟರು ಜೆನೆಟಿಕ್ ಟೆಸ್ಟ್ ಮಾಡಿಸಿ ಅನ್ನುತ್ತಿದ್ದಾರೆ. ಕ್ಯಾಮೆರಾ ಬಿಟ್ಟು ನೋಡಿಯೂ ಕಾಣದ ಕ್ಯಾನ್ಸರ್ ರಕ್ತದಲ್ಲಿ ಕಾಣುತ್ತದೆಯೇ? ಅಪ್ಪನಿಗೆ 61, ಗುಂಡುಕಲ್ಲಿನಂತೆ ಇದ್ದಾರೆ. ವಂಶದ್ದೇ ಆಗಿದ್ದರೆ ಅವರಿಗೆ ಬರಬೇಕಿತ್ತಲ್ಲವೇ? ಅಣ್ಣನ ಮಗಳಿಗೆ ಆರು ವರ್ಷ, ಅವಳಿಗೂ ಪರೀಕ್ಷೆ ಬೇಕೇ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಅಣ್ಣನನ್ನು ಕಳೆದುಕೊಂಡು ವರ್ಷ ತುಂಬುವ ಹೊತ್ತಿಗೆ ಇಷ್ಟು ಸ್ಪಷ್ಟವಾಗಿ ಪ್ರಶ್ನೆ ಬರೆದು ಕಳಿಸಿದ್ದೀರಿ. ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ನಿಮಗೆ ಬಂದಿರುವ ಅನುಮಾನ ಓದಿದವರಿಗೂ ಬರುವಂಥದ್ದು, ಕೆಲವು ವೈದ್ಯರಿಗೂ ಬರುವಂಥದ್ದು. ನಿಮ್ಮ ಮುಖ್ಯ ಸಂದೇಹ ಇದು: ಹೊಟ್ಟೆಯ ಒಳಗನ್ನೇ ಕಣ್ಣಾರೆ ನೋಡಿ ಏನೂ ಇಲ್ಲ ಎಂದಮೇಲೆ, ತೋಳಿನಿಂದ ತೆಗೆದ ರಕ್ತ ಅದಕ್ಕಿಂತ ಹೆಚ್ಚಿನದನ್ನು ಹೇಗೆ ಹೇಳೀತು? ಚಿಕ್ಕ ಉತ್ತರವೆಂದರೆ, ಆ ಎರಡು ಪರೀಕ್ಷೆಗಳು ಹುಡುಕುವುದು ಒಂದನ್ನೇ ಅಲ್ಲ. ದೊಡ್ಡ ಉತ್ತರಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಜಠರದ ಕ್ಯಾನ್ಸರ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಇವನ್ನು 1965ರಲ್ಲಿ ಬೇರ್ಪಡಿಸಿ ತೋರಿಸಿದವರು ಫಿನ್ಲೆಂಡಿನ ರೋಗಶಾಸ್ತ್ರಜ್ಞ ಪೆಕ್ಕಾ ಲೌರೆನ್. ಮೊದಲನೆಯದರಲ್ಲಿ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡೇ ಬೆಳೆದು ಗಡ್ಡೆಯಾಗುತ್ತವೆ, ಇಲ್ಲವೇ ಅಂಚು ಎದ್ದ ಹುಣ್ಣಾಗುತ್ತವೆ. ಹೆಚ್ಚಾಗಿ ವಯಸ್ಸಾದವರಲ್ಲಿ ಕಾಣುವುದು ಇದೇ. ಎಂಡೋಸ್ಕೋಪಿಯಲ್ಲಿ ಇದು ತಪ್ಪಿಸಿಕೊಳ್ಳುವುದು ಕಡಿಮೆ. ಎರಡನೆಯದು ಡಿಫ್ಯೂಸ್ ಬಗೆ. ಇದರಲ್ಲಿ ಕೋಶಗಳ ನಡುವಿನ ಅಂಟು ಹೋಗಿ, ಅವು ಒಂದೊಂದಾಗಿ, ಸಣ್ಣ ಸಣ್ಣ ಗುಂಪಾಗಿ ಜಠರದ ಗೋಡೆಯೊಳಗೆ ಹರಡಿಕೊಳ್ಳುತ್ತವೆ. ನೆಲದ ಮೇಲೆ ಹುಲ್ಲು ಕಾಣುವ ಮೊದಲೇ ಗರಿಕೆಯ ಬೇರು ಅಡಿಯಲ್ಲಿ ಓಡಿರುತ್ತದಲ್ಲ, ಹಾಗೆ. ವಂಶಪಾರಂಪರ್ಯವಾಗಿ ಎಳೆಯ ವಯಸ್ಸಿನಲ್ಲಿ ಬರುವ ಜಠರದ ಕ್ಯಾನ್ಸರಿನಲ್ಲಿ ಮುಖ್ಯವಾದದ್ದು ಈ ಎರಡನೆಯ ಬಗೆ.

ಸೂಕ್ಷ್ಮದರ್ಶಕದಲ್ಲಿ ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕೋಶದ ತುಂಬ ಲೋಳೆ ಕೂಡಿಕೊಂಡು, ನಡುವೆ ಇರಬೇಕಾದ ಕೋಶಕೇಂದ್ರ ಒಂದು ಅಂಚಿಗೆ ಒತ್ತಿಹೋಗಿ ಚಪ್ಪಟೆಯಾಗಿರುತ್ತದೆ. ತೆಳು ಬಣ್ಣದ ದುಂಡನೆಯ ಒಡಲು, ಒಂದು ಬದಿಯಲ್ಲಿ ಕಡುನೇರಳೆ ಗೆರೆ. ಇವಕ್ಕೆ ಸಿಗ್ನೆಟ್ ರಿಂಗ್ ಕೋಶಗಳೆಂದು ಹೆಸರು. ನಿಮ್ಮಣ್ಣನ ಬಯಾಪ್ಸಿ ರಿಪೋರ್ಟಿನಲ್ಲಿ ‘ಸಿಗ್ನೆಟ್ ರಿಂಗ್’, ‘ಡಿಫ್ಯೂಸ್’ ಅಥವಾ ‘ಪೂರ್ಲಿ ಕೊಹೆಸಿವ್’ ಎಂಬ ಮಾತುಗಳಲ್ಲಿ ಯಾವುದಾದರೂ ಇದೆಯೇ ಎಂದು ಮೊದಲು ನೋಡಿ. ಮೂರೂ ಹೆಚ್ಚುಕಡಿಮೆ ಒಂದೇ ಸಂಗತಿಯನ್ನು ಹೇಳುತ್ತವೆ. ನಿಮ್ಮ ಡಾಕ್ಟರು ಜೆನೆಟಿಕ್ ಟೆಸ್ಟ್ ಹೇಳಿರುವುದನ್ನು ನೋಡಿದರೆ ಅದು ಇದ್ದಿರಲೇಬೇಕು.

ಈಗ ನಿಮ್ಮ ಎಂಡೋಸ್ಕೋಪಿಗೆ ಬರೋಣ. ಎದೆಯುರಿ, ಹುಳಿತೇಗು ಎಂದು ಹೋದವರಿಗೆ ಮಾಡುವ ಎಂಡೋಸ್ಕೋಪಿ ಕೆಲವೇ ನಿಮಿಷಗಳ ಕೆಲಸ. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು, ಕೊಳವೆ ಇಳಿಸಿ, ಒಂದು ಸುತ್ತು ನೋಡಿ, ಬೇಕೆನಿಸಿದರೆ ಒಂದೆರಡು ಚೂರು ತೆಗೆಯುತ್ತಾರೆ. ಅದರಲ್ಲಿ ಒಂದನ್ನು ಹಳದಿ ಬಣ್ಣದ ಜೆಲ್ಲಿಗೆ ಹಾಕುವುದೂ ಉಂಟು. ಅದು ಗುಲಾಬಿಗೆ ತಿರುಗಿದರೆ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದೆ ಎಂದರ್ಥ. ಹುಣ್ಣು, ಗಡ್ಡೆ ಹುಡುಕುವುದಕ್ಕೆ ಇಷ್ಟು ಸಾಕು. ಆದರೆ ವಂಶಪಾರಂಪರ್ಯ ಡಿಫ್ಯೂಸ್ ಕ್ಯಾನ್ಸರಿನ ಮೊದಲ ಕುರುಹುಗಳು ಲೋಳೆಪೊರೆಯ ಮೇಲ್ಪದರಕ್ಕೆ ಕೆಳಗೆ, ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಕಡಿಮೆ ಅಗಲದಲ್ಲಿ ಇರುತ್ತವೆ. ಮೇಲಿನ ಹೊದಿಕೆ ಹೊಳೆಯುತ್ತ ಆರೋಗ್ಯವಾಗಿಯೇ ಇರುತ್ತದೆ. ಕೆಲವೊಮ್ಮೆ ಅಲ್ಲೊಂದು ಇಲ್ಲೊಂದು ಬಿಳಿಚಿದ ಮಚ್ಚೆ ಕಾಣಬಹುದು, ಅದೂ ಹುಡುಕುವ ಕಣ್ಣಿಗೆ ಮಾತ್ರ.

ಹಾಗಾಗಿ ಇಂಥ ಕುಟುಂಬದವರಿಗೆ ಎಂಡೋಸ್ಕೋಪಿ ಮಾಡುವ ಕ್ರಮವೇ ಬೇರೆ. ಈ ರೋಗಕ್ಕೆಂದೇ ಒಂದು ಅಂತರರಾಷ್ಟ್ರೀಯ ತಜ್ಞರ ಕೂಟವಿದೆ. ಅದು 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಜಠರವನ್ನು ಚೆನ್ನಾಗಿ ಉಬ್ಬಿಸಿ, ತೊಳೆದು, ಅರ್ಧ ಗಂಟೆಯಾದರೂ ನೋಡಬೇಕು. ಬಿಳಿಚಿದ ಜಾಗಗಳಿಂದ ಚೂರು ತೆಗೆಯಬೇಕು. ಅದಲ್ಲದೆ, ಏನೂ ಕಾಣದಿದ್ದರೂ ಜಠರದ ಒಂದೊಂದು ಭಾಗದಿಂದಲೂ ಕ್ರಮವಾಗಿ, ಒಟ್ಟು 28ರಿಂದ 30 ಚೂರುಗಳನ್ನು ತೆಗೆದು, ಭಾಗವಾರು ಬೇರೆ ಬೇರೆ ಬಾಟಲಿಗೆ ಹಾಕಿ ಕಳಿಸಬೇಕು. ನಿಮ್ಮ ರಿಪೋರ್ಟಿನಲ್ಲಿ ಎಷ್ಟು ಬಯಾಪ್ಸಿ ತೆಗೆದರೆಂದು ಬರೆದಿದೆ? ಒಂದೂ ಇಲ್ಲದಿದ್ದರೆ ಅಥವಾ ಎರಡೇ ಇದ್ದರೆ, ‘ನಾರ್ಮಲ್’ ಎಂಬ ಮಾತನ್ನು ಅಷ್ಟಕ್ಕೇ ತೆಗೆದುಕೊಳ್ಳಿ: ಅಂದು ಕಣ್ಣಿಗೆ ಕಾಣುವಂಥ ಗಡ್ಡೆ ಅಥವಾ ಹುಣ್ಣು ಇರಲಿಲ್ಲ. ಅದು ಸುಳ್ಳು ರಿಪೋರ್ಟ್ ಅಲ್ಲ. ಅದನ್ನು ಬರೆದವರಿಗೆ ನಿಮ್ಮ ಮನೆಯ ವಿಚಾರ ಹೇಳಿರದಿದ್ದರೆ ಅವರು ಬೇರೆ ರೀತಿ ಮಾಡುವ ಕಾರಣವೂ ಇರಲಿಲ್ಲ.

ಮೂವತ್ತು ಚೂರು ತೆಗೆದರೂ ಪೂರ್ತಿ ನಿಶ್ಚಿಂತೆ ಇಲ್ಲ. ವಂಶವಾಹಿಯಲ್ಲಿ ದೋಷ ಇದೆಯೆಂದು ಗೊತ್ತಾಗಿ, ಮುಂಜಾಗ್ರತೆಗೆಂದು ತೆಗೆದ ಜಠರಗಳನ್ನು ಇಂಚಿಂಚಾಗಿ ಪರೀಕ್ಷಿಸಿದ ರೋಗಶಾಸ್ತ್ರಜ್ಞರು 2012ರಲ್ಲಿ ಒಂದು ಲೆಕ್ಕ ಹಾಕಿದರು. ಯಾದೃಚ್ಛಿಕವಾಗಿ ಚೂರು ತೆಗೆದು ಅಂಥ ಒಂದು ಕುರುಹನ್ನಾದರೂ ಹಿಡಿಯುವ ಸಂಭವ ಶೇ 90 ಆಗಬೇಕಾದರೆ 1,768 ಚೂರು ತೆಗೆಯಬೇಕಾಗುತ್ತದೆ ಎಂಬುದು ಆ ಲೆಕ್ಕ. ಯಾರ ಹೊಟ್ಟೆಗೂ ಅದು ಆಗುವ ಮಾತಲ್ಲ. ಕ್ಯಾಮೆರಾದಿಂದ ಶುರುಮಾಡದೆ ವಂಶವಾಹಿಯಿಂದ ಶುರುಮಾಡುವುದು ಇದಕ್ಕೇ.

ಆ ವಂಶವಾಹಿ ಪತ್ತೆಯಾದ ಕಥೆ ನ್ಯೂಜಿಲೆಂಡಿನದು. ಅಲ್ಲಿನ ಟೌರಂಗ ಪಟ್ಟಣದ ಕಡೆಯ ಒಂದು ದೊಡ್ಡ ಮಾವೋರಿ ಕುಟುಂಬದಲ್ಲಿ ಮೂವತ್ತು ವರ್ಷಗಳ ಅವಧಿಯಲ್ಲಿ 25 ಮಂದಿ ಜಠರದ ಕ್ಯಾನ್ಸರಿಗೆ ಬಲಿಯಾಗಿದ್ದರು. ಬಹುಪಾಲು ಜನ ನಲವತ್ತರ ಒಳಗಿನವರು, ಎಲ್ಲರಿಗಿಂತ ಚಿಕ್ಕವರಿಗೆ 14 ವರ್ಷ. ಶಾಪವೆಂದು ಮಾತಾಡುತ್ತಿದ್ದವರೂ ಇದ್ದರು. ಈ ಕುಟುಂಬದ ವಿಚಾರ 1964ರಲ್ಲೇ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು, ಆದರೆ ಅಂದು ವಿಜ್ಞಾನದ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. 1990ರ ದಶಕದಲ್ಲಿ ಕುಟುಂಬದವರೇ ಮುಂದೆ ಬಂದು ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೊತೆ ಸೇರಿದರು. ತಲೆಮಾರುಗಳ ವಂಶಾವಳಿ ಅವರಲ್ಲಿತ್ತು, ರಕ್ತ ಕೊಡಲು ನೆಂಟರಿಷ್ಟರನ್ನು ಒಪ್ಪಿಸಿದವರೂ ಅವರೇ. 1998ರಲ್ಲಿ ಪ್ಯಾರಿ ಗಿಲ್ಫರ್ಡ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ದೋಷ ಇರುವ ಜಾಗವನ್ನು ಪ್ರಕಟಿಸಿದರು. ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಕುಟುಂಬದವರ ಹೆಸರುಗಳೂ ಇವೆ. ಇಂಥ ಗೌರವ ರೋಗಿಗಳ ಕಡೆಯವರಿಗೆ ಸಿಗುವುದು ಅಪರೂಪ. ಇಲ್ಲಿ ಅದು ನ್ಯಾಯವಾಗಿಯೇ ಸಂದಿತು.

ಆ ವಂಶವಾಹಿಯ ಹೆಸರು ಸಿಡಿಎಚ್1. ಹದಿನಾರನೆಯ ವರ್ಣತಂತುವಿನ ಮೇಲಿದೆ. ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನನ್ನು ತಯಾರಿಸುವುದು ಇದರ ಕೆಲಸ, ಪಕ್ಕಪಕ್ಕದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಆ ಪ್ರೋಟೀನಿನ ಕೆಲಸ. ಡಿಫ್ಯೂಸ್ ಬಗೆಯಲ್ಲಿ ಕೋಶಗಳು ಚದುರುವುದೇಕೆಂದು ಇದರಿಂದ ಅರ್ಥವಾಗುತ್ತದೆ. ಕೆಲವೇ ಕುಟುಂಬಗಳಲ್ಲಿ ಸಿಟಿಎನ್ಎನ್ಎ1 ಎಂಬ ಇನ್ನೊಂದು ವಂಶವಾಹಿಯಲ್ಲೂ ಇಂಥದೇ ದೋಷ ಕಂಡಿದೆ. ಕೋಶಗಳನ್ನು ಹಿಡಿದಿಡುವ ಆ ಕೆಲಸದಲ್ಲಿ ಅದೂ ಭಾಗಿ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಬಿಡೋಣ. ನಿಮ್ಮ ಪತ್ರದಲ್ಲೂ ಅದು ಇಣುಕಿದೆ. ‘ರಕ್ತದಲ್ಲಿ ಕ್ಯಾನ್ಸರ್ ಕಾಣುತ್ತದೆಯೇ’ ಎಂದು ಕೇಳಿದ್ದೀರಿ. ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಕ್ಯಾನ್ಸರನ್ನು ಅದು ಹುಡುಕುವುದೂ ಇಲ್ಲ. ನೀವು ಹುಟ್ಟುವಾಗಲೇ ತಂದೆತಾಯಿಯರಿಂದ ಬಂದ ಸಿಡಿಎಚ್1 ಪ್ರತಿಗಳು ಸರಿಯಾಗಿವೆಯೇ ಎಂದಷ್ಟೇ ಅದು ಓದುತ್ತದೆ. ರಕ್ತವನ್ನೇ ತೆಗೆಯಬೇಕೆಂದೂ ಇಲ್ಲ, ಎಂಜಲಿನಿಂದಲೂ ಆಗುತ್ತದೆ, ಏಕೆಂದರೆ ಆ ಬರಹ ಮೈಯ ಎಲ್ಲ ಕೋಶಗಳಲ್ಲೂ ಒಂದೇ. ‘ಪಾಸಿಟಿವ್’ ಎಂದು ಬಂದರೆ ಕ್ಯಾನ್ಸರ್ ಇದೆ ಎಂದಲ್ಲ, ಬರುವ ಸಂಭವ ಬೇರೆಯವರಿಗಿಂತ ಬಹಳ ಹೆಚ್ಚು ಎಂದು. ಇದಕ್ಕೂ, ಲ್ಯಾಬಿನವರು ಪ್ಯಾಕೇಜಿನಲ್ಲಿ ಸೇರಿಸಿ ಕೊಡುವ ಸಿಇಎ ಮುಂತಾದ ‘ಟ್ಯೂಮರ್ ಮಾರ್ಕರ್’ಗಳಿಗೂ ಸಂಬಂಧವಿಲ್ಲ. ಆರಂಭದ ಜಠರದ ಕ್ಯಾನ್ಸರನ್ನು ಪತ್ತೆಹಚ್ಚಲು ಆ ಮಾರ್ಕರ್‌ಗಳು ಉಪಯೋಗಕ್ಕೆ ಬಾರವು. ನಾರ್ಮಲ್ ಬಂತೆಂದು ಹಿಗ್ಗುವುದೂ, ಸ್ವಲ್ಪ ಏರಿತೆಂದು ನಿದ್ದೆಗೆಡುವುದೂ ಎರಡೂ ವ್ಯರ್ಥ. ಸಿಗ್ನೆಟ್ ರಿಂಗ್ ಬಗೆಯಲ್ಲಿ ದುಬಾರಿ ಪೆಟ್ ಸ್ಕ್ಯಾನ್ ಕೂಡ ಎಷ್ಟೋ ಸಲ ಮೋಸ ಹೋಗುತ್ತದೆ.

ಅಪ್ಪನ ವಿಚಾರ ಈಗ. ಒಂದೊಂದು ವಂಶವಾಹಿಯೂ ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತದೆ, ಒಂದು ತಂದೆಯಿಂದ, ಒಂದು ತಾಯಿಯಿಂದ. ಸಿಡಿಎಚ್1ನ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡುತ್ತಿರುವವರೆಗೆ ಕೋಶಕ್ಕೆ ತೊಂದರೆಯಿಲ್ಲ. ಜಠರದ ಯಾವುದೋ ಒಂದು ಕೋಶದಲ್ಲಿ ಆ ಎರಡನೆಯದೂ ಮುಚ್ಚಿಹೋದಾಗ ಮೊದಲ ಹೆಜ್ಜೆ ಬೀಳುತ್ತದೆ. ಅದರ ಮುಂದಿನ ಹೆಜ್ಜೆಗಳು ಬೀಳಲೂಬಹುದು, ಬೀಳದೆಯೂ ಇರಬಹುದು. ಆದ್ದರಿಂದ ದೋಷವನ್ನು ಹೊತ್ತ ಎಲ್ಲರಿಗೂ ರೋಗ ಬರುವುದಿಲ್ಲ. ಮೊದಮೊದಲು ಹೊರಬಂದ ಅಂದಾಜುಗಳು ಬಹಳ ಹೆದರಿಸುವಂತಿದ್ದವು. 80 ವರ್ಷದೊಳಗೆ ಗಂಡಸರಲ್ಲಿ ಶೇ 70 ಎಂದು ಹೇಳುತ್ತಿದ್ದರು. ಆದರೆ ಆ ಲೆಕ್ಕಕ್ಕೆ ಸಿಕ್ಕಿದ್ದು ಸಾಲುಸಾಲಾಗಿ ಸಾವು ಕಂಡ ಕುಟುಂಬಗಳೇ. ಪರೀಕ್ಷೆ ಹೆಚ್ಚು ಜನರಿಗೆ ತಲುಪಿದ ಮೇಲೆ, 2019ರ ಹೊತ್ತಿಗೆ ಬಂದ ಅಧ್ಯಯನಗಳಲ್ಲಿ ಅದು ಗಂಡಸರಿಗೆ ಶೇ 40ರ ಆಸುಪಾಸು, ಹೆಂಗಸರಿಗೆ ಶೇ 25ರಿಂದ 33 ಎಂದು ಇಳಿಯಿತು. ನಿಮ್ಮ ತಂದೆ ದೋಷವನ್ನು ಹೊತ್ತೂ 61ರಲ್ಲಿ ಗಟ್ಟಿಮುಟ್ಟಾಗಿರುವುದು ಸಾಧ್ಯ. ಅವರಲ್ಲಿ ದೋಷವೇ ಇಲ್ಲದಿರುವುದೂ ಸಾಧ್ಯ. ಅವರ ಆರೋಗ್ಯವನ್ನು ನೋಡಿ ಎರಡರಲ್ಲಿ ಯಾವುದೆಂದು ಹೇಳಲಾಗದು. ದೋಷ ಇದ್ದರೆ ಒಂದೊಂದು ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ.

ನೀವು ಕೇಳದಿದ್ದರೂ ನಮ್ಮ ಕಡೆ ಈ ಮಾತಿನ ಬೆನ್ನಿಗೇ ಬರುವ ಪ್ರಶ್ನೆ ಒಂದಿದೆ: ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ತಂದದ್ದರಿಂದ ಹೀಗಾಯಿತೇ? ಇಲ್ಲ. ರಕ್ತಸಂಬಂಧದ ಮದುವೆಯಿಂದ ಹೆಚ್ಚುವುದು ಎರಡೂ ಪ್ರತಿ ಕೆಟ್ಟಾಗ ಮಾತ್ರ ಕಾಣಿಸುವ ರೋಗಗಳು. ಇಲ್ಲಿ ಒಂದು ಪ್ರತಿ ಸಾಕು, ಸಂಬಂಧ ಎಲ್ಲಿಂದ ತಂದರೂ ಅಷ್ಟೇ. ಮನೆಯ ಹಿರಿಯರ ಮೇಲೆ ಈ ತಪ್ಪು ಹೊರಿಸುವುದು ಬೇಡ.

ಇನ್ನು, ಒಂದೇ ಮನೆಯಲ್ಲಿ ಇಬ್ಬರಿಗೆ ಜಠರದ ಕ್ಯಾನ್ಸರ್ ಬಂದ ಮಾತ್ರಕ್ಕೆ ವಂಶಪಾರಂಪರ್ಯ ಎನ್ನುವಂತೆಯೂ ಇಲ್ಲ. ನೆಪೋಲಿಯನ್ನನ ತಂದೆ 1785ರಲ್ಲಿ 38ರ ವಯಸ್ಸಿಗೆ ಹೊಟ್ಟೆಯ ಕ್ಯಾನ್ಸರಿನಿಂದ ಸತ್ತನೆಂದು ದಾಖಲೆಯಿದೆ. ನೆಪೋಲಿಯನ್ 1821ರಲ್ಲಿ ಸೇಂಟ್ ಹೆಲೆನಾದಲ್ಲಿ ಸತ್ತಾಗ ಶವಪರೀಕ್ಷೆ ಮಾಡಿದವರು ಅವನ ಜಠರದಲ್ಲೂ ದೊಡ್ಡ ಹುಣ್ಣನ್ನು ಕಂಡರು. ಬಹುಕಾಲ ಇದನ್ನು ವಂಶದ ಶಾಪವೆಂದೇ ಬರೆಯುತ್ತಿದ್ದರು. ಶವಪರೀಕ್ಷೆಯ ವಿವರಗಳನ್ನು ಈಚೆಗೆ ಮತ್ತೆ ಓದಿದ ತಜ್ಞರಿಗೆ, ಹೆಲಿಕೋಬ್ಯಾಕ್ಟರಿನಿಂದ ಬಂದ ಹಳೆಯ ಹುಣ್ಣಿಗೂ ಉಪ್ಪಿನಲ್ಲಿ ಕೆಡದಂತಿಟ್ಟ ಸೈನಿಕರ ಆಹಾರಕ್ಕೂ ಅದರಲ್ಲಿ ಪಾಲಿದ್ದಂತೆ ಕಂಡಿದೆ. ಒಂದೇ ಸೂರಿನಡಿ ಬ್ಯಾಕ್ಟೀರಿಯಾ, ಊಟ, ಹೊಗೆಸೊಪ್ಪು ಎಲ್ಲವೂ ಹಂಚಿಕೆಯಾಗುತ್ತವೆ. ಭಾರತದಲ್ಲಿ ಜಠರದ ಕ್ಯಾನ್ಸರ್ ಅತಿ ಹೆಚ್ಚಿರುವುದು ಮಿಜೋರಾಂನಲ್ಲಿ. ಅಲ್ಲಿ ತಜ್ಞರು ಬೊಟ್ಟುಮಾಡುವುದು ಹೊಗೆಯಲ್ಲಿ ಒಣಗಿಸಿದ ಮಾಂಸ, ತಂಬಾಕಿನ ನೀರು ಇಂಥವುಗಳ ಕಡೆಗೆ. ಒಟ್ಟು ಜಠರದ ಕ್ಯಾನ್ಸರುಗಳಲ್ಲಿ ನಿಜವಾಗಿ ವಂಶಪಾರಂಪರ್ಯವಾದವು ನೂರಕ್ಕೆ ಒಂದರಿಂದ ಮೂರು ಮಾತ್ರ.

ಹಾಗಾದರೆ ಯಾರಿಗೆ ಪರೀಕ್ಷೆ ಬೇಕು? ಮನೆಯಲ್ಲಿ ಯಾರಿಗಾದರೂ 50 ವರ್ಷದೊಳಗೆ ಡಿಫ್ಯೂಸ್ ಬಗೆಯದು ಬಂದಿದ್ದರೆ ಅದೊಂದೇ ಸಾಕು, ಮತ್ತೊಬ್ಬರಿಗೆ ಬರುವುದನ್ನು ಕಾಯಬೇಕಿಲ್ಲ. ಯಾವ ವಯಸ್ಸಿನಲ್ಲೇ ಆಗಲಿ ಇಬ್ಬರಿಗೆ ಜಠರದ ಕ್ಯಾನ್ಸರ್ ಬಂದು, ಒಬ್ಬರದಾದರೂ ಡಿಫ್ಯೂಸ್ ಆಗಿದ್ದರೆ ಬೇಕು. ಒಬ್ಬರಿಗೆ ಡಿಫ್ಯೂಸ್ ಜಠರದ ಕ್ಯಾನ್ಸರ್, ಇನ್ನೊಬ್ಬರಿಗೆ 70ರೊಳಗೆ ‘ಲಾಬ್ಯುಲರ್’ ಬಗೆಯ ಸ್ತನ ಕ್ಯಾನ್ಸರ್ ಆಗಿದ್ದರೂ ಬೇಕು. ಡಿಫ್ಯೂಸ್ ಕ್ಯಾನ್ಸರ್ ಬಂದವರಿಗೋ ಅವರ ಹತ್ತಿರದ ರಕ್ತಸಂಬಂಧಿಗೋ ಸೀಳುತುಟಿ ಇದ್ದರೂ ಪರೀಕ್ಷಿಸಿ ಎನ್ನುತ್ತಾರೆ, ಏಕೆಂದರೆ ಭ್ರೂಣದಲ್ಲಿ ತುಟಿ ಕೂಡುವ ಕೆಲಸದಲ್ಲೂ ಇ-ಕ್ಯಾಡ್ಹೆರಿನ್ನಿನ ಪಾತ್ರವಿದೆ. ನಿಮ್ಮಣ್ಣನದು ಡಿಫ್ಯೂಸ್ ಆಗಿದ್ದರೆ ಅವನ 34ರ ವಯಸ್ಸೇ ಸಾಕಾಗಿತ್ತು. ಅತ್ತೆಯದು ಲಾಬ್ಯುಲರ್ ಆಗಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಸ್ತನ ಕ್ಯಾನ್ಸರಿನಲ್ಲಿ ಬಹುಪಾಲು ‘ಡಕ್ಟಲ್’ ಬಗೆಯವು, ಅವಕ್ಕೂ ಸಿಡಿಎಚ್1ಗೂ ನಂಟಿಲ್ಲ. ಆದ್ದರಿಂದ ಅತ್ತೆಯ ಹಳೆಯ ಬಯಾಪ್ಸಿ ಕಾಗದದ ಆ ಒಂದು ಪದ ನಿಮಗೆ ಬಹಳ ಬೆಲೆಯುಳ್ಳದ್ದು.

ಅಜ್ಜನ ‘ಹೊಟ್ಟೆಯಲ್ಲಿ ಗಡ್ಡೆ’ಯನ್ನು ಮಾತ್ರ ಹುಷಾರಾಗಿ ಲೆಕ್ಕಕ್ಕೆ ಹಿಡಿಯಬೇಕು. ಹಳ್ಳಿಯ ಮನೆಗಳಲ್ಲಿ ಯಕೃತ್ತು, ಮೇದೋಜೀರಕ, ದೊಡ್ಡ ಕರುಳು, ಅಂಡಾಶಯ, ಯಾವುದೇ ಕ್ಯಾನ್ಸರಾದರೂ ‘ಹೊಟ್ಟೆ ಗಡ್ಡೆ’ಯೇ. ಕೊನೆಕೊನೆಗೆ ಹೊಟ್ಟೆ ಉಬ್ಬಿ ನೀರು ತುಂಬಿತ್ತೇ, ಉಂಡದ್ದು ವಾಂತಿಯಾಗುತ್ತಿತ್ತೇ, ಎರಡು ತುತ್ತಿಗೇ ಸಾಕೆನ್ನುತ್ತಿದ್ದರೇ, ಮಲ ಟಾರಿನಂತೆ ಕಪ್ಪಗಿತ್ತೇ ಎಂದು ನಿಮ್ಮ ತಂದೆಯನ್ನೂ ಅತ್ತೆಯನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿ. ಇಬ್ಬರ ನೆನಪೂ ಒಂದೇ ಇರುವುದಿಲ್ಲ, ಎರಡನ್ನೂ ಬರೆದುಕೊಳ್ಳಿ. ಮನೆಯ ಹೆಣ್ಣುಮಕ್ಕಳಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ‘ಗರ್ಭಕೋಶದ ಪಕ್ಕದ ಗಡ್ಡೆ’ಯಿಂದ ಹೋಗಿದ್ದಾರೆಯೇ ಎಂದೂ ವಿಚಾರಿಸಿ. ಜಠರದ ಸಿಗ್ನೆಟ್ ರಿಂಗ್ ಕೋಶಗಳು ಅಂಡಾಶಯಕ್ಕೆ ಇಳಿದು ಅಲ್ಲಿ ದೊಡ್ಡ ಗಡ್ಡೆಯಾಗುವುದುಂಟು; 1896ರಲ್ಲಿ ಇಂಥ ಗಡ್ಡೆಗಳನ್ನು ವಿವರಿಸಿದ ಜರ್ಮನ್ ವೈದ್ಯ ಕ್ರುಕೆನ್‌ಬರ್ಗ್ ಹೆಸರಿನಲ್ಲೇ ಅವನ್ನು ಕರೆಯುತ್ತಾರೆ. ಮೂಲ ಜಠರದಲ್ಲಿದ್ದರೂ ಮನೆಯವರ ನೆನಪಿನಲ್ಲಿ ಉಳಿಯುವುದು ಅಂಡಾಶಯದ ಗಡ್ಡೆಯೇ.

ಇನ್ನು ಪರೀಕ್ಷೆ ಯಾರಿಂದ ಶುರುವಾಗಬೇಕು ಎಂಬುದು. ಇಲ್ಲಿ ಬಹಳ ಮನೆಗಳವರು ಎಡವುತ್ತಾರೆ. ಹೆದರಿದವರು, ಅಂದರೆ ನಿಮ್ಮಂಥ ಆರೋಗ್ಯವಂತ ತಂಗಿ, ಮೊದಲು ಹೋಗಿ ರಕ್ತ ಕೊಟ್ಟುಬಿಡುತ್ತಾರೆ. ‘ನೆಗೆಟಿವ್’ ಬರುತ್ತದೆ. ಅದರ ಅರ್ಥವೇನು? ಮನೆಯಲ್ಲಿ ಸಿಡಿಎಚ್1 ದೋಷ ಇದ್ದು ಅದು ನಿಮಗೆ ದಾಟಿಲ್ಲ ಎಂದಾಗಬಹುದು, ಅದು ಒಳ್ಳೆಯ ಸುದ್ದಿ. ಮನೆಯ ದೋಷ ಬೇರೆ ಯಾವುದೋ ವಂಶವಾಹಿಯಲ್ಲಿದ್ದು, ಈ ಪರೀಕ್ಷೆಗೆ ಅದು ಸಿಕ್ಕೇ ಇಲ್ಲ ಎಂದೂ ಆಗಬಹುದು. ಮೇಲೆ ಹೇಳಿದ ಲಕ್ಷಣಗಳಿರುವ ಕುಟುಂಬಗಳಲ್ಲೂ ಹೆಚ್ಚಿನವರಲ್ಲಿ ಸಿಡಿಎಚ್1 ದೋಷ ಸಿಗುವುದಿಲ್ಲ ಎಂಬುದು ನೆನಪಿರಲಿ. ಆದ್ದರಿಂದ ರೋಗ ಬಂದವರಿಂದಲೇ ಶುರುಮಾಡಬೇಕು. ಅಣ್ಣ ಇಲ್ಲ. ಆದರೆ ಅವನ ಬಯಾಪ್ಸಿಯ ಮೇಣದ ಅಚ್ಚು, ಆಸ್ಪತ್ರೆಯವರು ‘ಬ್ಲಾಕ್’ ಎನ್ನುತ್ತಾರೆ, ಪೆಥಾಲಜಿ ವಿಭಾಗದಲ್ಲಿ ಇನ್ನೂ ಇರಬೇಕು. ಅದರಿಂದ ಡಿಎನ್ಎ ತೆಗೆಯುವುದು ಕಷ್ಟ, ಆದರೂ ಕೆಲವೊಮ್ಮೆ ಆಗುತ್ತದೆ. ಅದಕ್ಕಿಂತ ಹಗುರವಾದ ದಾರಿ ನಿಮ್ಮ ಅತ್ತೆ. ಅವರದು ಲಾಬ್ಯುಲರ್ ಆಗಿದ್ದರೆ ಮೊದಲು ಅವರ ರಕ್ತವೇ ಹೋಗಲಿ. ಇಲ್ಲದಿದ್ದರೆ ನಿಮ್ಮ ತಂದೆ ಮತ್ತು ತಾಯಿ ಇಬ್ಬರದೂ. ಅತ್ತೆಯ ಕಾರಣಕ್ಕೆ ಎಲ್ಲರ ಕಣ್ಣೂ ಅಪ್ಪನ ಕಡೆಗೆ ಹೋಗುವುದು ಸಹಜ, ಆದರೆ ತಾಯಿಯ ಕಡೆಯಿಂದ ಬಂದಿರಬಾರದೆಂದೇನೂ ಇಲ್ಲ.

ಫಲಿತಾಂಶದ ಕಾಗದದಲ್ಲಿ ಪಾಸಿಟಿವ್, ನೆಗೆಟಿವ್ ಬಿಟ್ಟು ಮೂರನೆಯ ಮಾತೂ ಬರಬಹುದು: ‘ವೇರಿಯಂಟ್ ಆಫ್ ಅನ್‌ಸರ್ಟನ್ ಸಿಗ್ನಿಫಿಕೆನ್ಸ್’. ಅಕ್ಷರದಲ್ಲಿ ವ್ಯತ್ಯಾಸ ಇದೆ, ಅದರಿಂದ ಕೆಡುಕಿದೆಯೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ಭಾರತೀಯರ ವಂಶವಾಹಿಗಳ ಮಾಹಿತಿ ಜಗತ್ತಿನ ದತ್ತಾಂಶದಲ್ಲಿ ಕಡಿಮೆಯಿರುವುದರಿಂದ ನಮ್ಮಲ್ಲಿ ಈ ಮಾತು ಹೆಚ್ಚು ಬರುತ್ತದೆ. ಇದನ್ನು ನಂಬಿ ಆಪರೇಷನ್ನಿಗೆ ಇಳಿಯಬಾರದು. ಇನ್ನೊಂದು: ವಂಶವಾಹಿಯ ಒಂದು ತುಂಡೇ ಬಿಟ್ಟುಹೋಗಿರುವಂಥ ದೋಷಗಳು ಅಕ್ಷರ ಓದುವ ಮಾಮೂಲು ವಿಧಾನಕ್ಕೆ ಸಿಗದೆ ಹೋಗಬಹುದು. ‘ಡಿಲೀಷನ್, ಡ್ಯೂಪ್ಲಿಕೇಷನ್ ಕೂಡ ನೋಡುತ್ತೀರಾ’ ಎಂದು ರಕ್ತ ಕೊಡುವ ಮೊದಲೇ ಕೇಳಿ.

ಮನೆಯಲ್ಲಿ ದೋಷ ಪತ್ತೆಯಾಗಿ, ನಿಮ್ಮಲ್ಲೂ ಅದು ಇದೆ ಎಂದಾದರೆ ಮುಂದೇನು? ಇಂಥವರಿಗೆ, ಸಾಮಾನ್ಯವಾಗಿ 20ರಿಂದ 30ರ ವಯಸ್ಸಿನೊಳಗೆ, ಇಡೀ ಜಠರವನ್ನೇ ತೆಗೆದುಹಾಕುವುದನ್ನು ಮಾರ್ಗಸೂಚಿ ಮುಂದಿಡುತ್ತದೆ. ಕೇಳಿದ ಕೂಡಲೇ ಎದೆ ಧಸಕ್ಕೆನ್ನುವ ಮಾತು. ಅನ್ನನಾಳವನ್ನು ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಆಮೇಲೆ ದಿನಕ್ಕೆ ಆರೆಂಟು ಸಲ ಸ್ವಲ್ಪಸ್ವಲ್ಪವೇ ಉಣ್ಣಬೇಕು. ಬಿ12 ಜೀವಮಾನವಿಡೀ ಹೊರಗಿನಿಂದ ಸಿಗುತ್ತಿರಬೇಕು, ಸಾಮಾನ್ಯವಾಗಿ ಇಂಜೆಕ್ಷನ್ ಕೊಡುತ್ತಾರೆ. ತೂಕ ಇಳಿಯುತ್ತದೆ, ಸಿಹಿ ಹೆಚ್ಚಾದರೆ ಬೆವರು, ಎದೆಬಡಿತ, ಭೇದಿ. ಮುದ್ದೆಯನ್ನು ಅಗಿಯದೆ ನುಂಗುವ ನಿಮ್ಮ ಹಾಸನದ ಕಡೆಯವರು ಊಟದ ರೀತಿಯನ್ನೇ ಹೊಸದಾಗಿ ಕಲಿಯಬೇಕಾದೀತು. ಆದರೂ ಹೀಗೆ ಬದುಕಿ ಕೆಲಸ ಮಾಡುತ್ತಿರುವವರು, ಆಮೇಲೆ ಮಕ್ಕಳನ್ನು ಹೆತ್ತವರು ಬೇಕಾದಷ್ಟು ಮಂದಿ ಇದ್ದಾರೆ.

ಹೀಗೆ ತೆಗೆದ ಜಠರಗಳಲ್ಲಿ ಬಹುತೇಕ ಎಲ್ಲದರಲ್ಲೂ ಸೂಕ್ಷ್ಮ ಕುರುಹುಗಳು ಸಿಗುತ್ತವೆ, ಕೆಲವದರಲ್ಲಿ ನೂರಾರು. ಜೀವನದಲ್ಲಿ ರೋಗ ಬರುವ ಸಂಭವವೋ ಅದರ ಅರ್ಧಕ್ಕಿಂತ ಕಡಿಮೆ. ಎಂದಮೇಲೆ ಆ ಕುರುಹುಗಳಲ್ಲಿ ಹೆಚ್ಚಿನವು ವರ್ಷಗಟ್ಟಲೆ ಇದ್ದಲ್ಲೇ ಇರುತ್ತವೆ ಎಂದಾಯಿತು. ಇದೇ ಕಾರಣಕ್ಕೆ ಈಗ ಇನ್ನೊಂದು ದಾರಿಯನ್ನೂ ಗೌರವದಿಂದ ನೋಡುತ್ತಿದ್ದಾರೆ. ವರ್ಷಕ್ಕೊಮ್ಮೆ, ಪಳಗಿದ ಕೈಗಳಿಂದ, ಮೇಲೆ ಹೇಳಿದ ಮೂವತ್ತು ಚೂರಿನ ಎಂಡೋಸ್ಕೋಪಿ ಮಾಡಿಸುತ್ತ ಕಾಯುವುದು ಆ ದಾರಿ. ಇಂಗ್ಲೆಂಡಿನ ಕೇಂಬ್ರಿಜ್ ಮತ್ತು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ತಂಡಗಳು 2023ರಲ್ಲಿ ಪ್ರಕಟಿಸಿದ ಅನುಭವ ಇದಕ್ಕೆ ಸ್ವಲ್ಪ ಧೈರ್ಯ ಕೊಟ್ಟಿದೆ. ನನ್ನ ಅಭಿಪ್ರಾಯ ಕೇಳಿದರೆ, ‘ಪಳಗಿದ ಕೈಗಳಿಂದ’ ಎಂಬ ಮಾತಿನ ಮೇಲೆಯೇ ಎಲ್ಲ ನಿಂತಿದೆ. ಅಂಥ ಕೈಯೂ, ಆ ಚೂರುಗಳನ್ನು ಓದಬಲ್ಲ ಪೆಥಾಲಜಿಸ್ಟರೂ ಸಿಗದ ಕಡೆ ಕಾಯುವುದೆಂದರೆ ಸುಮ್ಮನೆ ಕೂತಂತೆ. ಹೆಣ್ಣುಮಕ್ಕಳಿಗಾದರೆ 30ರಿಂದ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ ಕೂಡ ಸೇರುತ್ತದೆ, ಏಕೆಂದರೆ ಲಾಬ್ಯುಲರ್ ಕ್ಯಾನ್ಸರಿನ ಸಂಭವ ಅವರಲ್ಲಿ ಶೇ 40ನ್ನು ಮೀರುತ್ತದೆ.

ಅಣ್ಣನ ಮಗಳಿಗೆ ಈಗ ಯಾವ ಪರೀಕ್ಷೆಯೂ ಬೇಡ. 18 ತುಂಬಿದ ಮೇಲೆ, ಅರ್ಥಮಾಡಿಕೊಂಡು ಅವಳೇ ನಿರ್ಧರಿಸಲಿ. ಅವಳ ಅಪ್ಪನ ಕಾಗದಪತ್ರಗಳನ್ನು ಮಾತ್ರ ಅವಳಿಗಾಗಿ ಜೋಪಾನವಾಗಿಡಿ.

ನಿಮ್ಮ ವಿಷಯದಲ್ಲಿ, ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಒಂದು ಎಚ್ಚರಿಕೆ. ನಮ್ಮಲ್ಲಿ ‘ಗ್ಯಾಸ್ಟ್ರಿಕ್’ ಎಂದರೆ ಮೆಡಿಕಲ್ ಶಾಪಿನಲ್ಲಿ ಒಂದು ಪಟ್ಟಿ ಪ್ಯಾಂಟೊಪ್ರಜೋಲ್ ತಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವುದು ಮಾಮೂಲಾಗಿದೆ. ಕ್ಯಾನ್ಸರಿನ ಹುಣ್ಣಿದ್ದರೂ ಆ ಮಾತ್ರೆ ಉರಿಯನ್ನು ತಗ್ಗಿಸುತ್ತದೆ, ಹಾಗಾಗಿ ತಿಂಗಳುಗಳು ಕಳೆದುಹೋಗುತ್ತವೆ. ಇಪ್ಪತ್ತು ಮೂವತ್ತರ ವಯಸ್ಸಿನ ಹೊಟ್ಟೆನೋವುಗಳಲ್ಲಿ ಕ್ಯಾನ್ಸರ್ ಬಹಳ ಅಪರೂಪ, ಆದ್ದರಿಂದ ಪ್ರತಿ ತೇಗಿಗೂ ಗಾಬರಿಯಾಗಬೇಡಿ. ಆದರೆ ತುತ್ತು ತಿನ್ನುತ್ತಿದ್ದಂತೆ ಹೊಟ್ಟೆ ತುಂಬಿದಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ಪದೇಪದೇ ವಾಂತಿ, ನುಂಗಲು ಕಷ್ಟ, ಇವುಗಳಲ್ಲಿ ಒಂದು ಕಂಡರೂ ನಿಮ್ಮ ಮನೆಯ ಹಿನ್ನೆಲೆಯಲ್ಲಿ ಮಾತ್ರೆ ನುಂಗಿ ಕಾಯುವಂತಿಲ್ಲ.

ಹೋಗುವುದೆಲ್ಲಿಗೆ ಎಂದರೆ, ಮೆಡಿಕಲ್ ಜೆನೆಟಿಕ್ಸ್ ವಿಭಾಗ ಅಥವಾ ಜೆನೆಟಿಕ್ ಕೌನ್ಸೆಲರ್ ಇರುವ ಕಡೆಗೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಅದಕ್ಕೆಂದೇ ವಿಭಾಗವಿದೆ, ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ವಿಚಾರಿಸಬಹುದು. ಹೋಗುವಾಗ ಅಣ್ಣನ ಬಯಾಪ್ಸಿ ರಿಪೋರ್ಟ್, ಅದರ ಮೂಲೆಯಲ್ಲಿರುವ ಪೆಥಾಲಜಿ ನಂಬರ್, ಅತ್ತೆಯ ಆಪರೇಷನ್ ನಂತರದ ರಿಪೋರ್ಟ್, ನಿಮ್ಮ ಎಂಡೋಸ್ಕೋಪಿ ರಿಪೋರ್ಟ್, ಅಪ್ಪನ ಮತ್ತು ಅಮ್ಮನ ಎರಡೂ ಕಡೆಯ ಮೂರು ತಲೆಮಾರಿನ ಹೆಸರು, ವಯಸ್ಸು, ಕಾಯಿಲೆಗಳನ್ನು ಬರೆದ ಒಂದು ಹಾಳೆ ಜೊತೆಗಿರಲಿ. ಸಾಧ್ಯವಾದರೆ ಅತ್ತೆಯನ್ನೂ ಕರೆದುಕೊಂಡು ಹೋಗಿ. ರಕ್ತ ಮೊದಲು ಬೇಕಾಗುವುದು ಅವರದೇ ಇರಬಹುದು.